ಹಳೆಯದಾಗಿತ್ತು, ಬಿತ್ತು

ನನ್ನ ಮೇಜಿನ ಗಾಜಿನ ಕೆಳಗೆ ಒಂದು ಹಳೆಯ ಫೋಟೋ ಇದೆ. 1989ರಲ್ಲಿ, ನಾನು ಬಿ.ಎಸ್ಸಿ. ಓದುತ್ತಿದ್ದಾಗ, ಗೆಳೆಯನೊಬ್ಬ ತನ್ನ ಮಾವನ ಕ್ಯಾಮೆರಾ ಕೇಳಿ ತಂದು ತೆಗೆದದ್ದು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಪುಸ್ತಕದಂಗಡಿಯೊಂದರ ಮುಂದೆ, ಆಗಷ್ಟೇ ಅರ್ಧ ಬೆಲೆಗೆ ಕೊಂಡ ಭೌತಶಾಸ್ತ್ರದ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು, ಅದರೊಳಗಿನ ವಿದ್ಯೆಯೆಲ್ಲ ಆಗಲೇ ತಲೆಗೆ ಹತ್ತಿದವನಂತೆ ನಾನು ನಿಂತಿದ್ದೇನೆ. ಚಪ್ಪಲಿಯಿಂದ ಕ್ರಾಪಿನವರೆಗೆ ನಾನು ಪೂರ್ತಿ ಬಂದಿದ್ದೇನೆ. ಕಟ್ಟಡ ಮಾತ್ರ ಒಂದು ಕಂಬ, ಅರ್ಧ ಕಮಾನು, ಅಷ್ಟೇ. ಮೇಲಿನ ಮಹಡಿ ಫೋಟೋದಲ್ಲಿ ಇಲ್ಲವೇ ಇಲ್ಲ. ರೀಲಿನಲ್ಲಿ ಇದ್ದದ್ದು ಮೂವತ್ತಾರು ಚಿತ್ರ. ಕಟ್ಟಡಕ್ಕೆಂದು ಯಾರು ರೀಲು ಹಾಳು ಮಾಡುತ್ತಾರೆ?

ಆಮೇಲೆ ಬಿ.ಎಡ್. ಆಯಿತು, ನೌಕರಿಯಾಯಿತು, ಮದುವೆಯಾಯಿತು. ಆ ರಸ್ತೆಯಲ್ಲಿ ನಾನು ಸಾವಿರಾರು ಸಲ ಓಡಾಡಿದ್ದೇನೆ. ತಲೆಯೆತ್ತಿ ಆ ಕಟ್ಟಡದ ಮೇಲಿನ ಮಹಡಿಯನ್ನು ಒಂದು ಸಲವಾದರೂ ಗಮನವಿಟ್ಟು ನೋಡಿದ ನೆನಪಿಲ್ಲ. 2012ರ ಆಗಸ್ಟ್ 25ರ ಶನಿವಾರ ಅದರ ಒಂದು ಭಾಗ ಕುಸಿದು ನಾಲ್ವರು ತೀರಿಕೊಂಡರು. ಮರುದಿನ ಊರಿನ ಅರ್ಧ ಜನ ಅಲ್ಲಿ ನೆರೆದಿದ್ದರು. ನಾನೂ ಹೋಗಿ ದೂರದಲ್ಲಿ ನಿಂತು ಬಂದೆ. ಮನೆಗೆ ಬಂದು ಹುಡುಕಿದಾಗ ಸಿಕ್ಕಿದ್ದು ಈ ಒಂದೇ ಫೋಟೋ.

ಸೋಮವಾರ ಒಂಬತ್ತನೇ ತರಗತಿಗೆ ಹೋದೆ. ಪಾಠ ಶುರುವಾಗುವ ಮೊದಲೇ ಹಿಂದಿನ ಬೆಂಚಿನ ಹುಡುಗನೊಬ್ಬ, "ಸಾರ್, ಅದು ಯಾಕೆ ಬಿತ್ತು?" ಎಂದು ಕೇಳಿದ. "ಹಳೇದಾಗಿತ್ತು ಕಣಪ್ಪ, ಬಿತ್ತು" ಎಂದೆ. ಸೀಮೆಸುಣ್ಣ ಕೈಗೆತ್ತಿಕೊಳ್ಳುವಷ್ಟರಲ್ಲಿ ಮುಂದಿನ ಬೆಂಚಿನಲ್ಲಿ ಒಬ್ಬಳು ಹುಡುಗಿ ಎದ್ದು ನಿಂತಳು. "ಸಾರ್, ಚಿಕ್ಕ ಗಡಿಯಾರ ಅದಕ್ಕಿಂತ ಹಳೇದಲ್ವಾ? ಅದು ಬೀಳಲಿಲ್ಲವಲ್ಲ?"

ಹುಡುಗಿ ಹೇಳಿದ್ದು ಸರಿಯಾಗಿತ್ತು. ವೈಸರಾಯ್ ಡಫರಿನ್ ಮೈಸೂರಿಗೆ ಬಂದ ನೆನಪಿನ ಚಿಕ್ಕ ಗಡಿಯಾರ 1886ರ ಕಾಲದ್ದು. ಲ್ಯಾನ್ಸ್‌ಡೌನ್ ಕಟ್ಟಡ 1892ರದ್ದು. ಒಂದಕ್ಕೊಂದು ಕೂಗಳತೆಯಲ್ಲಿವೆ. ಅದೇ ಬಿಸಿಲು, ಅದೇ ಮಳೆ. ಹಿರಿಯದು ನಿಂತಿದೆ, ಕಿರಿಯದು ಬಿದ್ದಿದೆ. "ಹಳೆಯದಾಗಿತ್ತು" ಎಂಬುದು ಉತ್ತರವಲ್ಲ, ಉತ್ತರ ಗೊತ್ತಿಲ್ಲದವನು ಹೇಳುವ ಮಾತು. ಇಪ್ಪತ್ತು ವರ್ಷ ವಿಜ್ಞಾನ ಕಲಿಸಿದವನಿಗೆ ಅದನ್ನು ಹದಿನಾಲ್ಕು ವರ್ಷದ ಹುಡುಗಿ ತೋರಿಸಿಕೊಡಬೇಕಾಯಿತು. "ಯೋಚನೆ ಮಾಡಿ ಹೇಳ್ತೀನಮ್ಮ" ಎಂದು ಕೂರಿಸಿದೆ.

ಆ ವರ್ಷದ ದಸರಾ ರಜೆಯಲ್ಲಿ ಒಂದು ಸಣ್ಣ ಡಿಜಿಟಲ್ ಕ್ಯಾಮೆರಾ ಕೊಂಡೆ. ಇಷ್ಟವಿದ್ದ ಏಳೆಂಟು ಮಕ್ಕಳನ್ನು ಕರೆದುಕೊಂಡು ತಿಂಗಳಿಗೆ ಎರಡು ಭಾನುವಾರ ಬೆಳಿಗ್ಗೆ ಊರು ನೋಡಲು ಹೊರಡತೊಡಗಿದೆ. ತಂದೆತಾಯಂದಿರ ಒಪ್ಪಿಗೆ ಸುಲಭವಾಗಿ ಸಿಗಲಿಲ್ಲ. ಒಬ್ಬ ತಂದೆ ನೇರವಾಗಿಯೇ ಕೇಳಿದರು: "ಇದು ಪರೀಕ್ಷೇಲಿ ಬರುತ್ತಾ ಸಾರ್?" ಒಂದಿಷ್ಟು ಬರುತ್ತದೆ ಎಂದು ಹೇಳಿ ಪಾರಾದೆ. ಆಮೇಲೆ ಅದು ನಿಜವೂ ಆಯಿತು.

ಮೊದಲ ಪಾಠ ದೊಡ್ಡ ಗಡಿಯಾರದ ಬಳಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಇಪ್ಪತ್ತೈದು ವರ್ಷದ ನೆನಪಿಗೆ 1927ರಲ್ಲಿ ಕಟ್ಟಿದ ಗೋಪುರ. ಅದರ ಮುಖದ ಮೇಲಿರುವುದು ಕನ್ನಡ ಅಂಕಿಗಳು ಎಂಬುದು ಆ ದಾರಿಯಲ್ಲೇ ದಿನಾ ಶಾಲೆಗೆ ಬರುವ ಮಕ್ಕಳಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ ಅದರ ನೆರಳನ್ನೂ ಗೋಪುರದ ನೆರಳನ್ನೂ ಅಳೆದೆವು. ಸಮರೂಪ ತ್ರಿಭುಜಗಳ ಲೆಕ್ಕದಲ್ಲಿ ಒಬ್ಬನಿಗೆ 22 ಮೀಟರ್ ಬಂತು, ಇನ್ನೊಬ್ಬಳಿಗೆ 24. ಗೋಪುರದ ಎತ್ತರ 75 ಅಡಿ, ಅಂದರೆ ಸುಮಾರು 23 ಮೀಟರ್. ನೆರಳು ಮಕ್ಕಳಿಗೆ ಸುಳ್ಳು ಹೇಳಲಿಲ್ಲ.

ಫೋಟೋ ತೆಗೆಯುವುದನ್ನು ನಾನೂ ಅವರ ಜೊತೆಯಲ್ಲೇ ಕಲಿತೆ. ಕ್ಯಾಮೆರಾವನ್ನು ಮೇಲಕ್ಕೆ ವಾಲಿಸಿದರೆ ಗೋಡೆಗಳು ಮೇಲೆ ಹೋಗುತ್ತಾ ಒಂದನ್ನೊಂದು ಸೇರಲು ಹೊರಟಂತೆ, ಕಟ್ಟಡವೇ ಹಿಂದಕ್ಕೆ ಬೀಳುತ್ತಿರುವಂತೆ ಕಾಣುತ್ತದೆ. ದೂರ ಸರಿದು, ಕ್ಯಾಮೆರಾವನ್ನು ನೇರವಾಗಿ ಹಿಡಿಯಬೇಕು. ಮಧ್ಯಾಹ್ನದ ಹೊತ್ತಿಗಿಂತ ಬೆಳಗಿನ ಓರೆ ಬಿಸಿಲು ಒಳ್ಳೆಯದು. ಹುಣ್ಣಿಮೆಯ ಚಂದ್ರನಿಗಿಂತ ಅರ್ಧಚಂದ್ರನಲ್ಲಿ ಕುಳಿಗಳು ಸ್ಪಷ್ಟವಾಗಿ ಕಾಣುವುದೂ ಇದೇ ಕಾರಣಕ್ಕೆ. ಓರೆ ಬೆಳಕು ಬಿದ್ದಾಗ ಸಣ್ಣ ಉಬ್ಬಿಗೂ ಉದ್ದನೆಯ ನೆರಳು. ಗಾರೆಯ ಹೂಬಳ್ಳಿ ಹೇಗೆ ಎದ್ದು ಕಾಣುತ್ತದೋ ಗೋಡೆಯ ಉಬ್ಬು, ಬಿರುಕುಗಳೂ ಹಾಗೆಯೇ ಎದ್ದು ಕಾಣುತ್ತವೆ. ಪ್ರತಿ ಚಿತ್ರಕ್ಕೂ ತಾರೀಖು, ಜಾಗ, ಯಾವ ದಿಕ್ಕಿಗೆ ಮುಖ ಮಾಡಿ ತೆಗೆದದ್ದು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಬಿದ್ದುಹೋಗುವಂತಿರುವ ಕಟ್ಟಡದೊಳಗೆ ಕಾಲಿಡಕೂಡದು. ಯಾರದೇ ಮನೆಯಾದರೂ ಕೇಳದೆ ತೆಗೆಯಕೂಡದು. ಇಷ್ಟೇ ನಮ್ಮ ನಿಯಮಗಳು.

ದೇವರಾಜ ಮಾರುಕಟ್ಟೆಯಲ್ಲಿ ಇನ್ನೊಂದು ನಿಯಮ ಸೇರಿಕೊಂಡಿತು. ಜನ ಅಡ್ಡ ಬಾರದಿರಲಿ ಎಂದು ಕಾಯುತ್ತಾ ನಾನು ಕಮಾನಿನತ್ತ ಕ್ಯಾಮೆರಾ ಹಿಡಿದಿದ್ದೆ. ಮಲ್ಲಿಗೆ ಕಟ್ಟುತ್ತಿದ್ದ ಹೆಂಗಸೊಬ್ಬರು ನೋಡಿ ನಕ್ಕರು. "ನಮ್ಮನ್ ಬಿಟ್ಟು ಗ್ವಾಡೆ ತೆಗೀತೀರಾ ಸಾ? ನಾವಿಲ್ದೇ ಇದ್ರೆ ಇದು ಮಾರ್ಕೆಟ್ಟಾ?" ನನ್ನ ಹಳೆಯ ಫೋಟೋದಲ್ಲಿ ಮನುಷ್ಯನಿದ್ದ, ಕಟ್ಟಡವಿರಲಿಲ್ಲ. ಈಗ ಕಟ್ಟಡ ತೆಗೆಯುವ ಭರದಲ್ಲಿ ಮನುಷ್ಯರನ್ನೇ ಬಿಡುತ್ತಿದ್ದೆ. ಆ ಅಮ್ಮನ ಅಪ್ಪಣೆ ಪಡೆದು ಅವರನ್ನೂ ಅವರ ತಲೆಯ ಮೇಲಿನ ಕಮಾನನ್ನೂ ಒಟ್ಟಿಗೆ ತೆಗೆದೆ.

ಇನ್ನು ಆ ಹುಡುಗಿಯ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕಿದ್ದು ಅವಳ ಮನೆಯಲ್ಲೇ.

ಅವಳದು ಅಗ್ರಹಾರದ ಕಡೆಯ ಹಳೆಯ ಮನೆ. ಮುಂದೆ ಜಗಲಿ, ನಡುವೆ ತೊಟ್ಟಿ, ಹಿಂದೆ ಅಡುಗೆಮನೆ. ಅಡುಗೆಮನೆಗೆ ಮದರಾಸು ತಾರಸಿ. ಅಂದರೆ ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ, ಸುಣ್ಣದ ಗಾರೆಯಿಂದ ಬೆಸೆದು ಮಾಡಿದ ಚಾವಣಿ. ಒಂದು ಮೂಲೆಯಿಂದ ಕೆಳಕ್ಕೆ ಬಿರುಕು ಇಳಿದಿತ್ತು. 2013ರ ಜೂನ್‌ನಲ್ಲಿ ಬಿರುಕಿನ ಎರಡೂ ಬದಿಗೆ ಒಂದೊಂದು ಪೆನ್ಸಿಲ್ ಗುರುತು ಹಾಕಿ ನಡುವಿನ ಅಂತರ ಅಳೆದು, ಫೋಟೋ ತೆಗೆದಿಡಲು ಅವಳಿಗೆ ಹೇಳಿಕೊಟ್ಟೆ. ಜೂನ್‌ನಲ್ಲಿ 41 ಮಿಲಿಮೀಟರ್ ಇತ್ತು. ಮಳೆಗಾಲ ಮುಗಿದು ಅಕ್ಟೋಬರ್‌ನಲ್ಲಿ ಅಳೆದಾಗ 44. ಫೋಟೋ ನೋಡಿ ನನಗೆ ಭಯವಾಯಿತು. ಆ ಒಲೆಯ ಮುಂದೆ ದಿನವೂ ಕೂರುವವರು ಅವಳ ಅಜ್ಜಿ. "ಈ ಮನೇಲಿ ಅರವತ್ತು ವರ್ಷ ಅಡುಗೆ ಮಾಡಿದೀನಿ ಮೇಷ್ಟ್ರೇ, ಅದು ನನ್ನ ಮೇಲೆ ಬೀಳೋಲ್ಲ" ಎಂದರು. ಎದುರಾಡಲಾಗಲಿಲ್ಲ. ಸುಣ್ಣದ ಕೆಲಸ ಬಲ್ಲ ಹಿರಿಯ ಗಾರೆಯವರೊಬ್ಬರನ್ನು ಹುಡುಕಿ ಕರೆತಂದೆ.

ಅವರು ಬಿರುಕಿನತ್ತ ಒಂದು ಸಲ ಕಣ್ಣು ಹಾಯಿಸಿ ನೇರವಾಗಿ ತಾರಸಿ ಹತ್ತಿದರು. ನೀರು ಹೋಗುವ ಕೊಳವೆಯ ಬಾಯಿಗೆ ಎಲೆ, ಮಣ್ಣು ತುಂಬಿತ್ತು. ಪಕ್ಕದಲ್ಲೇ, ಹಕ್ಕಿ ತಂದು ಹಾಕಿದ ಬೀಜದಿಂದ ಎದ್ದ ಅರಳಿ ಗಿಡ, ಗೇಣುದ್ದ. "ಗ್ವಾಡೆ ವಯಸ್ಸಾಯ್ತು ಅಂತ ಬೀಳಾಕಿಲ್ಲ ಸಾ. ನೀರು ಕುಡುದು ಬೀಳ್ತದೆ" ಎಂದರು.

ಮಳೆ ನೀರು ನಿಂತು, ಒಳಗಿಳಿದು, ಗಾರೆಯನ್ನು ಸಡಿಲಿಸುತ್ತಿತ್ತು. ತೊಲೆಯ ತುದಿ ಗೋಡೆಯೊಳಗೆ ಸದಾ ಒದ್ದೆಯಾಗಿದ್ದು ಕೊಳೆಯತೊಡಗಿತ್ತು. ಅರಳಿಯ ಬೇರು ಕೂದಲೆಳೆಯಷ್ಟು ಸಂದಿನಲ್ಲಿ ನುಗ್ಗಿ, ದಪ್ಪವಾದಂತೆಲ್ಲ ಇಟ್ಟಿಗೆಗಳನ್ನು ದೂರ ತಳ್ಳುತ್ತಿತ್ತು. ಸಾಲದ್ದಕ್ಕೆ ಹಿಂದೆ ಯಾರೋ ಬಿರುಕಿಗೆ ಸಿಮೆಂಟು ಮೆತ್ತಿದ್ದರು. ಸುಣ್ಣದ ಗೋಡೆ ಕುಡಿದ ನೀರನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಮೇಲೆ ಬಿಗಿಯಾದ ಸಿಮೆಂಟು ಬಳಿದರೆ ತೇವ ಒಳಗೇ ಉಳಿದು ಗೋಡೆಯನ್ನು ತಿನ್ನುತ್ತದೆ. ನಾವು ಔಷಧಿ ಎಂದುಕೊಂಡದ್ದೇ ಅದರ ರೋಗವಾಗಿತ್ತು.

ದುರಸ್ತಿಗೆ ಅವರು ಸುಣ್ಣ, ಮರಳು, ಇಟ್ಟಿಗೆ ಪುಡಿ ಬೆರೆಸಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಹಾಕಿ ಅರೆದು ಗಾರೆ ಮಾಡಿದರು. ಮಕ್ಕಳು ಸುತ್ತ ನಿಂತು ನೋಡಿದರು. ಪಠ್ಯಪುಸ್ತಕದ ಸಮೀಕರಣವನ್ನು ನಾನು ಅಲ್ಲೇ ಹೇಳಿದೆ. ನೂರು ಗ್ರಾಂ ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ 44 ಗ್ರಾಂ ಇಂಗಾಲದ ಡೈ ಆಕ್ಸೈಡ್ ಹಾರಿಹೋಗಿ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಕುದಿದು ಅರಳುತ್ತದೆ. ಗೋಡೆಗೆ ಬಳಿದ ಮೇಲೆ ಗಾಳಿಯಿಂದ ಅದೇ ಅನಿಲವನ್ನು ಮೆಲ್ಲಗೆ ಮರಳಿ ಪಡೆದು ಮತ್ತೆ ಕಲ್ಲಾಗುತ್ತದೆ. ಇದೊಂದು ನಿಧಾನದ ಕೆಲಸ, ತಿಂಗಳು, ವರ್ಷಗಳ ಲೆಕ್ಕ. "ಪರೀಕ್ಷೇಲಿ ಬರುತ್ತಾ" ಎಂದು ಕೇಳಿದ್ದವರ ಮಗ ಆ ಸಮೀಕರಣವನ್ನು ಇನ್ನು ಜನ್ಮದಲ್ಲಿ ಮರೆಯಲಾರ.

ಲ್ಯಾನ್ಸ್‌ಡೌನ್ ಕಟ್ಟಡದ ಕುಸಿತಕ್ಕೆ ಕಾರಣ ಇದೇ ಎಂದು ತೀರ್ಪು ಕೊಡಲು ನಾನು ಎಂಜಿನಿಯರ್ ಅಲ್ಲ. ಆದರೆ ಹುಡುಗಿಯ ಪ್ರಶ್ನೆಯನ್ನು ಹೇಗೆ ಹಿಡಿಯಬೇಕೆಂಬುದು ಆ ತಾರಸಿಯ ಮೇಲೆ ತಿಳಿಯಿತು. ಕಟ್ಟಡಕ್ಕೆ ಎಷ್ಟು ವರ್ಷವಾಯಿತು ಎಂದಲ್ಲ, ನೀರು ಎಲ್ಲಿ ನಿಲ್ಲುತ್ತಿದೆ ಎಂದು ಕೇಳಬೇಕು. ಕೊನೆಯ ಸಲ ಯಾರು ತಾರಸಿ ಹತ್ತಿ ನೋಡಿದರು ಎಂದು ಕೇಳಬೇಕು.

2016ರ ಆಗಸ್ಟ್ 28ರಂದು ದೇವರಾಜ ಮಾರುಕಟ್ಟೆಯ ಉತ್ತರದ ಭಾಗ ಕುಸಿಯಿತು. ಪುಣ್ಯಕ್ಕೆ ಜೀವಹಾನಿಯಾಗಲಿಲ್ಲ. ಕೆಡವಿ ಹೊಸದಾಗಿ ಕಟ್ಟಬೇಕೋ, ಇರುವುದನ್ನೇ ಸರಿಪಡಿಸಬೇಕೋ ಎಂಬ ವಾದ ಊರಿನಲ್ಲಿ ವರ್ಷಗಟ್ಟಲೆ ನಡೆಯಿತು. ನಮ್ಮ ಗುಂಪಿನ ಹಳೆಯ ಹುಡುಗರಲ್ಲೂ ನಡೆಯಿತು. ನಾನು ಉಳಿಸಬೇಕೆನ್ನುವ ಪಕ್ಷದವನು. ಆದರೆ ಬಿರುಕು ಬಿಟ್ಟ ಚಾವಣಿಯ ಕೆಳಗೆ ಕುಳಿತು ಹೂವು ಮಾರುವವರು ನಾನಲ್ಲ ಎಂಬುದನ್ನೂ ಮರೆಯಲಾರೆ. ಚಂದವನ್ನು ನೋಡಿ ಮನೆಗೆ ಬರುವವನಿಗೂ ಅದರ ಕೆಳಗೇ ಬದುಕುವವರಿಗೂ ವ್ಯತ್ಯಾಸವಿದೆ. ಇಬ್ಬರೂ ಸೇರಿ ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ತಾರಸಿ ಹತ್ತಿದ್ದರೆ ಈ ವಾದವೇ ಬೇಕಿರಲಿಲ್ಲವೇನೋ.

2019ರಲ್ಲಿ ಆ ಹುಡುಗಿ ನಮ್ಮ ಮನೆಗೆ ಬಂದಳು. ಆಗ ಪದವಿ ಮುಗಿಸಿದ್ದಳು. ಹಿಂದಿನ ವರ್ಷ ಅಜ್ಜಿ ತೀರಿಕೊಂಡಿದ್ದರು. ತಂದೆ, ಚಿಕ್ಕಪ್ಪಂದಿರು ಸೇರಿ ಮನೆ ಮಾರಿದ್ದರು. ಮೂರು ಪಾಲಾಗಬೇಕಿದ್ದ ಮನೆ, ಯಾರನ್ನೂ ದೂರುವಂತಿರಲಿಲ್ಲ. ಕೆಡವುವ ಮೊದಲು ಅವಳು ಒಂದು ಹಗಲೆಲ್ಲ ಕೂತು ಜಗಲಿ, ತೊಟ್ಟಿ, ಬಾಗಿಲ ಚೌಕಟ್ಟು, ತೊಲೆ ಎಲ್ಲವನ್ನೂ ತೆಗೆದಿದ್ದಳು. ನೇರವಾಗಿ ಹಿಡಿದ ಕ್ಯಾಮೆರಾ, ಓರೆ ಬಿಸಿಲು, ಪ್ರತಿಯೊಂದರ ಕೆಳಗೂ ತಾರೀಖು, ದಿಕ್ಕು.

ಕೊನೆಯ ಫೋಟೋ ಅಡುಗೆಮನೆಯ ಗೋಡೆಯದು. ಅವಳ ಎರಡು ಪೆನ್ಸಿಲ್ ಗುರುತುಗಳು ಹಾಗೇ ಇದ್ದವು. ಅವಳು ಹಾಸ್ಟೆಲಿಗೆ ಹೋದ ಮೇಲೂ ಅಜ್ಜಿ ಅಳೆಯುವುದನ್ನು ಬಿಟ್ಟಿರಲಿಲ್ಲ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ, ಮೊಮ್ಮಗಳ ಸ್ಕೇಲು ಹಿಡಿದು ತಾವೇ ಅಳೆದು, ಪಕ್ಕದಲ್ಲಿ ಇದ್ದಿಲಿನಲ್ಲಿ ಕನ್ನಡ ಅಂಕಿಯಲ್ಲಿ ಬರೆದಿಟ್ಟಿದ್ದರು. 2014, 2015, 2016, 2017. ನಾಲ್ಕು ಸಾಲು. ನಾಲ್ಕರ ಮುಂದೆಯೂ ಒಂದೇ ಸಂಖ್ಯೆ: 44.

ಆ ಫೋಟೋದ ಒಂದು ಪ್ರತಿ ಕೇಳಿ ಇಟ್ಟುಕೊಂಡೆ. ಈಗ ಮೇಜಿನ ಗಾಜಿನ ಕೆಳಗೆ, 1989ರ ನನ್ನ ಫೋಟೋದ ಪಕ್ಕದಲ್ಲಿ ಅದೂ ಇದೆ. ತರಗತಿಯಲ್ಲಿ ಯಾರಾದರೂ "ಸಾರ್, ಅದು ಯಾಕೆ ಬಿತ್ತು" ಎಂದು ಕೇಳಿದರೆ ನಾನು ಈಗ "ಹಳೇದಾಗಿತ್ತು" ಎನ್ನುವುದಿಲ್ಲ. "ಹೋಗಿ ನೋಡೋಣ ಬನ್ನಿ" ಎನ್ನುತ್ತೇನೆ.