ಸನದ್ ಕೇಳುವ ವಿಶ್ವವಿದ್ಯಾಲಯ

ಪ್ರತಿವರ್ಷ ಪರೀಕ್ಷೆಗಳ ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ಕೆಲವು ತಂದೆಯಂದಿರು ನಮಾಝಿನ ಬಳಿಕ ಮಸೀದಿಯ ಜಗಲಿಯಲ್ಲಿ ನನಗಾಗಿ ಕಾದು ಒಂದೇ ಪ್ರಶ್ನೆಯನ್ನು ಕೇಳುವುದುಂಟು: "ಉಸ್ತಾದರೇ, ಮಗನನ್ನು ದೂರದ ದೊಡ್ಡ ವಿಶ್ವವಿದ್ಯಾಲಯಕ್ಕೆ ಕಳುಹಿಸಬಹುದೇ? ಅಲ್ಲಿಗೆ ಹೋದರೆ ದೀನ್ ಉಳಿದೀತೇ?" ಈ ಪ್ರಶ್ನೆಯಲ್ಲಿ ಸಂಶಯಕ್ಕಿಂತ ವಾತ್ಸಲ್ಯವೇ ಹೆಚ್ಚಿದೆ. ಆದ್ದರಿಂದ ಅದನ್ನು ಲಘುವಾಗಿ ತಳ್ಳಿಹಾಕಲಾಗದು. ನನ್ನ ಬಳಿ ಕಲಿತ ವಿದ್ಯಾರ್ಥಿಯೊಬ್ಬ ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದಲ್ಲಿ ಇತಿಹಾಸದ ಪದವಿಗಾಗಿ ಮೂರು ವರ್ಷ ಓದಿದ. ಆ ಮೂರು ವರ್ಷಗಳನ್ನು ನಾನು ಹತ್ತಿರದಿಂದ ಬಲ್ಲೆ. ನನ್ನ ಉತ್ತರವೂ ಅದರಲ್ಲೇ ಇದೆ.

ಮೊದಲು ಆ ಸಂಸ್ಥೆಯ ಹುಟ್ಟನ್ನು ನೆನೆಯೋಣ. 1920ರ ಅಕ್ಟೋಬರ್ 29ರಂದು, ಖಿಲಾಫತ್ ಮತ್ತು ಅಸಹಕಾರ ಚಳವಳಿಗಳ ಕಾವಿನಲ್ಲಿ, ಬ್ರಿಟಿಷ್ ಸರಕಾರದ ನೆರವು ನಮಗೆ ಬೇಡವೆಂದು ಹೊರಬಂದ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳಿಂದ ಅಲಿಗಢದಲ್ಲಿ ಜಾಮಿಯಾ ಆರಂಭವಾಯಿತು. ಅದಕ್ಕೆ ಬುನಾದಿ ಹಾಕಿದವರು ದೇವಬಂದಿನ ಮೌಲಾನಾ ಮಹ್ಮೂದ್ ಹಸನ್. ಮಾಲ್ಟಾದ ಸೆರೆವಾಸ ಮುಗಿಸಿ ಅದೇ ವರ್ಷ ಮರಳಿದ್ದ ಅವರು ಆಗ ತೀವ್ರ ಅಸ್ವಸ್ಥರು. ಅವರ ಭಾಷಣವನ್ನು ಶಿಷ್ಯರೊಬ್ಬರು ಓದಬೇಕಾಯಿತು. ಮರು ತಿಂಗಳೇ ಅವರು ಇಹಲೋಕ ತ್ಯಜಿಸಿದರು. ಮದ್ರಸದ ಗುರುವೊಬ್ಬರು ತಮ್ಮ ಬದುಕಿನ ಕೊನೆಯ ದಿನಗಳಲ್ಲಿ ಮಾಡಿದ ಕೆಲಸಗಳಲ್ಲಿ ಒಂದು ವಿಶ್ವವಿದ್ಯಾಲಯವನ್ನು ಸ್ಥಾಪಿಸುವುದಾಗಿತ್ತು ಎಂಬುದನ್ನು, ಇವೆರಡೂ ಪರಸ್ಪರ ಶತ್ರುಗಳೆಂದು ಭಾವಿಸುವವರು ಗಮನಿಸಬೇಕು.

1925ರಲ್ಲಿ ಜಾಮಿಯಾ ದೆಹಲಿಯ ಕರೋಲ್ ಬಾಗ್‌ಗೆ ಸ್ಥಳಾಂತರಗೊಂಡಿತು. ಬರ್ಲಿನ್‌ನಲ್ಲಿ ಅರ್ಥಶಾಸ್ತ್ರದ ಡಾಕ್ಟರೇಟ್ ಪಡೆದು ಬಂದ ಝಾಕಿರ್ ಹುಸೇನರು 1926ರಿಂದ 1948ರವರೆಗೆ ಅದನ್ನು ಮುನ್ನಡೆಸಿದರು. ಹಣವಿಲ್ಲದೆ ಸಂಸ್ಥೆ ಮುಚ್ಚುವ ಸ್ಥಿತಿಗೆ ಬಂದಾಗ ಅವರೂ ಅವರ ಸಂಗಡಿಗರೂ ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ವೇತನ ಪಡೆಯದೆ 20 ವರ್ಷ ದುಡಿಯುವ ಪ್ರತಿಜ್ಞೆ ಕೈಗೊಂಡರು. 1935ರಲ್ಲಿ ಓಖ್ಲಾದಲ್ಲಿ ಈಗಿನ ಆವರಣಕ್ಕೆ ಶಂಕುಸ್ಥಾಪನೆ ಮಾಡಿದ್ದು ಯಾವ ಗಣ್ಯ ವ್ಯಕ್ತಿಯೂ ಅಲ್ಲ, ಅಲ್ಲಿನ ಅತಿ ಕಿರಿಯ ವಿದ್ಯಾರ್ಥಿ. 1988ರಲ್ಲಿ ಸಂಸತ್ತಿನ ಕಾಯ್ದೆಯ ಮೂಲಕ ಅದು ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ಇಂದು ಎಂಜಿನಿಯರಿಂಗ್, ಕಾನೂನು, ದಂತವೈದ್ಯಕೀಯ, ವಿಜ್ಞಾನ, ಮಾಧ್ಯಮ ಎಲ್ಲವೂ ಅಲ್ಲಿವೆ. ಕೆಲವು ಮದ್ರಸಗಳ ಪ್ರಮಾಣಪತ್ರವನ್ನು ಪದವಿ ಪ್ರವೇಶಕ್ಕೆ ಮಾನ್ಯ ಮಾಡುವ ಪದ್ಧತಿಯೂ ಅಲ್ಲಿದೆ. ನನ್ನ ಶಿಷ್ಯ ಒಳಹೊಕ್ಕದ್ದು ಆ ಬಾಗಿಲಿನಿಂದಲೇ.

ಅವನ ಮೊದಲ ಸಂಕಷ್ಟ ನಾವೆಲ್ಲ ಹೆದರುವಂತಹದ್ದಾಗಿರಲಿಲ್ಲ. ಅವನನ್ನು ಯಾರೂ ದಾರಿ ತಪ್ಪಿಸಲಿಲ್ಲ. ಅವನನ್ನು ಯಾರೂ ವಿಚಾರಿಸಲೇ ಇಲ್ಲ! ದರ್ಸಿನಲ್ಲಿ ಸುಬ್‌ಹಿಗೆ ಏಳದವನನ್ನು ಎಬ್ಬಿಸಲು ಒಬ್ಬರಿರುತ್ತಾರೆ. ಊಟಕ್ಕೆ ಬಾರದವನ ಹೆಸರು ಹಿಡಿದು ಕರೆಯಲು ಮತ್ತೊಬ್ಬರಿರುತ್ತಾರೆ. ಅಲ್ಲಿಯಾದರೋ ಹಾಸ್ಟೆಲ್ ಎಲ್ಲರಿಗೂ ಸಿಗುವುದಿಲ್ಲ. ಬಟ್ಲಾ ಹೌಸಿನ ಇಕ್ಕಟ್ಟಾದ ಗಲ್ಲಿಯೊಂದರಲ್ಲಿ ಬಿಸಿಲು ಕಾಣದ ಕೋಣೆಯನ್ನು ಇನ್ನಿಬ್ಬರೊಂದಿಗೆ ಬಾಡಿಗೆಗೆ ಹಿಡಿದಿದ್ದ. ಹಾಜರಿ ಶೇಕಡಾ 75ಕ್ಕಿಂತ ಕಡಿಮೆಯಾದರೆ ಪರೀಕ್ಷೆಗೆ ಅಡ್ಡಿಯೆಂಬ ನಿಯಮವೊಂದೇ ಅವನನ್ನು ವಿಚಾರಿಸುತ್ತಿತ್ತು. ಅರಬಿ ವ್ಯಾಕರಣದಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗ ಇಂಗ್ಲಿಷ್ ಉಪನ್ಯಾಸದ ಮುಂದೆ ಮೂಕನಾಗಿ ಕುಳಿತ.

ಎರಡನೆಯ ಸಂಕಷ್ಟ ಮೊದಲ ಸೆಮಿಸ್ಟರಿನ ಅಸೈನ್‌ಮೆಂಟ್. ದೆಹಲಿಯ ಸುಲ್ತಾನರ ಕುರಿತು ಹತ್ತು ಪುಟ ಬರೆದುಕೊಟ್ಟಿದ್ದ. ಮರಳಿ ಬಂದಾಗ ಪ್ರತಿ ಪುಟದ ಅಂಚಿನಲ್ಲೂ ಪ್ರಾಧ್ಯಾಪಕರು ಒಂದೇ ಮಾತು ಬರೆದಿದ್ದರು: ಇದು ನಿನಗೆ ಹೇಗೆ ಗೊತ್ತು? ಅಂದು ರಾತ್ರಿ ನನಗೆ ಕರೆ ಮಾಡಿ, "ಉಸ್ತಾದ್, ಇವರು ನನ್ನನ್ನು ಸುಳ್ಳುಗಾರನೆನ್ನುತ್ತಿದ್ದಾರೆ. ನಾನು ಊರಿಗೆ ಬರುತ್ತೇನೆ" ಎಂದ. ಅವನ ತಂದೆಯೂ ಅಂಗಡಿಯಲ್ಲಿ ಕೂರಿಸಿಕೊಳ್ಳಲು ಸಿದ್ಧರಿದ್ದರು. ನಾನು ಕೇಳಿದ್ದು ಇಷ್ಟೇ: "ಮಗನೇ, ಹದೀಸ್ ಓದುವಾಗ ನಾವು ಮೊದಲು ಓದುವುದೇನನ್ನು?" ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು "ಸನದ್" ಎಂದ.

ಹೌದು, ಯಾರಿಂದ ಯಾರಿಗೆ, ಅವರಿಂದ ಮತ್ತಾರಿಗೆ ಎಂಬ ಸರಪಣಿಯಿಲ್ಲದ ಮಾತನ್ನು ನಮ್ಮ ಪೂರ್ವಿಕ ವಿದ್ವಾಂಸರು ಸ್ವೀಕರಿಸಲಿಲ್ಲ. ವರದಿಗಾರನ ಪ್ರಾಮಾಣಿಕತೆಯನ್ನೂ ಜ್ಞಾಪಕಶಕ್ತಿಯನ್ನೂ ತೂಗಿ ನೋಡಿದರು. ಇಮಾಮ್ ಬುಖಾರಿಯವರು ಇದಕ್ಕಾಗಿಯೇ ನಾಡಿನಿಂದ ನಾಡಿಗೆ ಪ್ರಯಾಣ ಬೆಳೆಸಿದರು. ಸಂಶೋಧನಾ ವಿಶ್ವವಿದ್ಯಾಲಯವು ಅಡಿಟಿಪ್ಪಣಿಯನ್ನು ಕೇಳುವಾಗ ಅದೇ ಶಿಸ್ತಿನ ದೂರದ ಬಂಧುವೊಂದು ಮಾತನಾಡುತ್ತದೆ. ಇನ್ನೊಬ್ಬರ ಬರಹವನ್ನು ತನ್ನದೆಂದು ಒಪ್ಪಿಸುವುದು ಅಲ್ಲಿ ಶಿಕ್ಷಾರ್ಹ. ನಮ್ಮಲ್ಲಿ ಅದರ ಹೆಸರು ಖಿಯಾನತ್. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳುವುದು ಅಲ್ಲಿ ಸಂಶೋಧನೆಯ ಮೊದಲ ಮೆಟ್ಟಿಲು. ಕೇಳಿದ ಪ್ರಶ್ನೆಗಳಲ್ಲಿ ಬಹುಪಾಲಿಗೆ "ನನಗೆ ತಿಳಿಯದು" ಎಂದು ಉತ್ತರಿಸಿದ ಇಮಾಮ್ ಮಾಲಿಕರ ಪ್ರಸಂಗವನ್ನು ನಾವು ಮಕ್ಕಳಿಗೆ ಹೇಳುತ್ತಲೇ ಬಂದಿದ್ದೇವೆ.

ಹುಡುಗ ಅಲ್ಲೇ ಉಳಿದ. ಎರಡನೆಯ ವರ್ಷ ನಾನು ನಾಲ್ಕು ದಿನ ಅವನ ಕೋಣೆಯಲ್ಲಿ ತಂಗಿದ್ದೆ. ಬೆಳಿಗ್ಗೆ ಝಾಕಿರ್ ಹುಸೇನರ ಹೆಸರಿನ ಗ್ರಂಥಾಲಯಕ್ಕೆ ನನ್ನನ್ನು ಕರೆದೊಯ್ದ. ರಾಷ್ಟ್ರಪತಿಯಾಗಿ ನಿಧನರಾದ ಆ ಗುರುವಿನ ಸಮಾಧಿಯೂ ಅದೇ ಆವರಣದಲ್ಲಿದೆ. ಗ್ರಂಥಾಲಯದ ಮೇಜುಗಳಲ್ಲಿ ಬಿಹಾರದ, ಕಾಶ್ಮೀರದ, ಕೇರಳದ ಮಕ್ಕಳು, ಹಿಂದೂ ಮುಸ್ಲಿಮರೆನ್ನದೆ, ತಲೆ ತಗ್ಗಿಸಿ ಓದುತ್ತಿದ್ದರು. ಒಂದೇ ಘಟನೆಯನ್ನು ಮೂವರು ಇತಿಹಾಸಕಾರರು ಮೂರು ಬಗೆಯಲ್ಲಿ ಹೇಳುವುದೇಕೆಂದು ಅವನು ನನಗೆ ವಿವರಿಸಿದ. ಶಿಷ್ಯನ ಮುಂದೆ ಶಿಷ್ಯನಾಗಿ ಕೂರುವ ಸುಖವನ್ನು ನಾನು ಅಂದು ಕಂಡೆ. ಮೂಸಾ(ಅ) ಪ್ರವಾದಿಯಾಗಿದ್ದೂ ಖಿಝ್ರ್(ಅ)ರನ್ನು ಹುಡುಕಿಕೊಂಡು ಹೊರಟ ವೃತ್ತಾಂತ ನೆನಪಾಯಿತು.

ಹಾಗೆಂದು ವಿಶ್ವವಿದ್ಯಾಲಯದಲ್ಲಿ ಕೊರತೆಗಳಿಲ್ಲವೆಂದಲ್ಲ. ಪ್ರಶ್ನಿಸಲು ಕಲಿಸುವ ಆ ವ್ಯವಸ್ಥೆಗೆ ವಿದ್ಯಾರ್ಥಿಯ ಕಣ್ಣೀರು ಕಾಣುವುದಿಲ್ಲ. ವಿದ್ಯಾರ್ಥಿಯ ಕಣ್ಣೀರನ್ನು ಬಲ್ಲ ನಮ್ಮ ಮದ್ರಸಗಳು ಕೆಲವೊಮ್ಮೆ ಗೌರವದ ಹೆಸರಿನಲ್ಲಿ ಪ್ರಶ್ನೆಯನ್ನು ಅಡಗಿಸುತ್ತವೆ. ಎರಡೂ ಪರಸ್ಪರರಿಂದ ಕಲಿಯಬೇಕಾದುದಿದೆ.

ಆದುದರಿಂದ ಪ್ರಿಯ ಪೋಷಕರೇ, ಧಾರಾಳವಾಗಿ ಕಳುಹಿಸಿರಿ. ಮಗಳನ್ನೂ ಕಳುಹಿಸಿರಿ. ಆದರೆ ಸಿದ್ಧಗೊಳಿಸಿ ಕಳುಹಿಸಿರಿ. ಹೋಗುವ ಮೊದಲೇ ಇಂಗ್ಲಿಷನ್ನು ಓದಿ ಬರೆಯುವಷ್ಟು ಕಲಿಸಿರಿ. ಮೊದಲ ಸೆಮಿಸ್ಟರಿನ ಅಂಕಗಳನ್ನು ಕಂಡು ಹಣ ನಿಲ್ಲಿಸುವ ಮಾತನ್ನಾಡಬೇಡಿರಿ. ಫೋನಿನಲ್ಲಿ ನಮಾಝನ್ನೂ ಅಂಕವನ್ನೂ ವಿಚಾರಿಸುವಂತೆ ಊಟವನ್ನೂ ನಿದ್ದೆಯನ್ನೂ ವಿಚಾರಿಸಿರಿ. ಯಾರೂ ನೋಡದ ಕೋಣೆಯಲ್ಲಿ ಅಲ್ಲಾಹನು ನೋಡುತ್ತಾನೆಂಬ ಅರಿವು ನಿಮ್ಮ ಮನೆಯಲ್ಲೇ ಮೂಡಿದ್ದರೆ, ದೆಹಲಿಯ ಗಲ್ಲಿಯಲ್ಲಿ ಅದು ಅಷ್ಟು ಸುಲಭವಾಗಿ ಕಳೆದುಹೋಗದು.

ಪ್ರಯೋಜನಕಾರಿಯಾದ ಜ್ಞಾನವನ್ನೂ ಅದನ್ನು ಹೊರುವ ವಿನಯವನ್ನೂ ಅಲ್ಲಾಹನು ನಮ್ಮ ಮಕ್ಕಳಿಗೆ ಕರುಣಿಸಲಿ. ಆಮೀನ್.