ತಂದೆ ಒಂದು ಪಕ್ಷ, ಮಗ ಒಂದು ಪಕ್ಷ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಬರೆಯಬೇಕೆಂದು ಹಳೆಯ ವಿದ್ಯಾರ್ಥಿಗಳು ಕೇಳಿದಾಗ ನನಗೆ ಮೊದಲು ನೆನಪಾದುದು ನಮ್ಮ ಚರಿತ್ರೆಯ ತರಗತಿ. ಇಂಗ್ಲೆಂಡಿನ ಅಂತರ್ಯುದ್ಧಕ್ಕೆ ಪಠ್ಯಪುಸ್ತಕದಲ್ಲಿ ದೊರೆತಿದ್ದುದು ಕೆಲವೇ ಸಾಲುಗಳು. 1642ರಲ್ಲಿ ಒಂದನೆಯ ಚಾರ್ಲ್ಸ್ ದೊರೆಗೂ ಪಾರ್ಲಿಮೆಂಟಿಗೂ ಯುದ್ಧವಾಯಿತು, 1649ರಲ್ಲಿ ದೊರೆಯ ಶಿರಚ್ಛೇದವಾಯಿತು ಎಂದು ಬರೆದರೆ ಅಂಕ ಸಿಗುತ್ತಿತ್ತು. ನಾನು ಮಾತ್ರ ಪುಸ್ತಕವನ್ನು ಮಡಚಿಟ್ಟು ಸರ್ ರಾಲ್ಫ್ ವರ್ನಿಯ ಕಥೆಯನ್ನು ಹೇಳುತ್ತಿದ್ದೆ. ಈ ಪುಟವನ್ನು ಓದುವ ಹಲವರು ಅದನ್ನು ಕೇಳಿದವರೇ.

ರಾಲ್ಫ್ ಹುಟ್ಟಿದ್ದು 1613ರಲ್ಲಿ. ಬಕಿಂಗ್‌ಹ್ಯಾಮ್‌ಶೈರಿನ ಕ್ಲೇಡನ್ ಎಂಬಲ್ಲಿ ಅವನ ಮನೆತನದ ಜಮೀನು. ತಂದೆ ಸರ್ ಎಡ್ಮಂಡ್ ದೊರೆಯ ಬಹುಕಾಲದ ಸೇವಕ. 1640ರಲ್ಲಿ ತಂದೆ ಮಗ ಇಬ್ಬರೂ ಪಾರ್ಲಿಮೆಂಟಿನ ಸದಸ್ಯರಾದರು. ರಾಲ್ಫ್ ಸಭೆಯಲ್ಲಿ ಕುಳಿತು ಪೆನ್ಸಿಲಿನಲ್ಲಿ ಬರೆದಿಟ್ಟ ಟಿಪ್ಪಣಿಗಳು ಇಂದಿಗೂ ಚರಿತ್ರಕಾರರಿಗೆ ಆಧಾರವಾಗಿವೆ.

ಯುದ್ಧ ಬಂದಾಗ ಮಗ ಪಾರ್ಲಿಮೆಂಟಿನ ಕಡೆ ನಿಂತನು. ತಂದೆಗೂ ದೊರೆಯ ವಾದ ಪೂರ್ಣ ಒಪ್ಪಿಗೆಯಾಗಿರಲಿಲ್ಲ. ಆದರೆ ಸುಮಾರು ಮೂವತ್ತು ವರ್ಷ ಆತನ ಅನ್ನ ಉಂಡವನು ಕಷ್ಟಕಾಲದಲ್ಲಿ ಬಿಟ್ಟುಹೋಗಲಾರೆ ಎಂದು ಮಿತ್ರನಲ್ಲಿ ಹೇಳಿಕೊಂಡನು. ರಾಜಧ್ವಜವನ್ನು ಹೊತ್ತನು. 1642ರ ಅಕ್ಟೋಬರ್ 23ರಂದು ಎಡ್ಜ್‌ಹಿಲ್ ಕಾಳಗದಲ್ಲಿ ಆ ಧ್ವಜದೊಡನೆಯೇ ಮಡಿದನು. ಮಗ ಎಷ್ಟು ವಿಚಾರಿಸಿದರೂ ತಂದೆಯ ದೇಹ ದೊರೆಯಲಿಲ್ಲ.

ಮರುವರ್ಷ ಪಾರ್ಲಿಮೆಂಟು ತನ್ನ ಸದಸ್ಯರೆಲ್ಲರೂ ಒಂದು ಧಾರ್ಮಿಕ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಬೇಕೆಂದಿತು. ಮನಸ್ಸಾಕ್ಷಿ ಒಪ್ಪದ ಕಾಗದಕ್ಕೆ ರಾಲ್ಫ್ ಸಹಿ ಹಾಕಲಿಲ್ಲ. ಹಾಗೆಂದು ದೊರೆಯ ಕಡೆಗೂ ಹೋಗಲಿಲ್ಲ. ಹೆಂಡತಿ ಮೇರಿಯೊಡನೆ ಫ್ರಾನ್ಸಿಗೆ ಹೋದನು. 1645ರಲ್ಲಿ ಸದಸ್ಯತ್ವ ಹೋಯಿತು, ಜಮೀನು ಜಪ್ತಿಯಾಯಿತು. 1646ರಲ್ಲಿ ಮೇರಿ ಒಬ್ಬಳೇ ಲಂಡನ್ನಿಗೆ ಬಂದು, ಅಧಿಕಾರಿಗಳ ಬಾಗಿಲು ಬಾಗಿಲು ಅಲೆದು, 1648ರಲ್ಲಿ ಜಪ್ತಿಯನ್ನು ಬಿಡಿಸಿದಳು. 1650ರಲ್ಲಿ ಪರದೇಶದಲ್ಲಿಯೇ ತೀರಿಕೊಂಡಳು. ರಾಲ್ಫ್ 1653ರಲ್ಲಿ ಊರಿಗೆ ಮರಳಿದರೂ 1655ರಲ್ಲಿ ಕ್ರಾಮ್‌ವೆಲ್ಲನ ಸರಕಾರ ಸಂಶಯದಿಂದ ಅವನನ್ನು ಸೆರೆಯಲ್ಲಿಟ್ಟಿತು. ಮುಂದೆ ಮತ್ತೆ ಪಾರ್ಲಿಮೆಂಟಿಗೆ ಆಯ್ಕೆಯಾಗಿ, 1696ರಲ್ಲಿ ಕಾಲವಾದನು.

ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಮಾಷ್ಟ್ರೇ, ಅಪ್ಪ ಸರಿಯೋ ಮಗ ಸರಿಯೋ?" ಎಂದು ಕೇಳಿದನು. ಇಬ್ಬರೂ ತಮ್ಮ ಮನಸ್ಸಿಗೆ ಸತ್ಯವಂತರು ಎಂದೆ. "ಹಾಗಾದರೆ ಅವರು ಮಾತಾಡುತ್ತಿದ್ದರೋ?" ಎಂದನು. ನಾನು ರಾಲ್ಫನ ತಮ್ಮ ಎಡ್ಮಂಡನ ವಿಷಯ ಹೇಳಿದೆ. ಅವನೂ ದೊರೆಯ ಪಕ್ಷದವನು. ನೀನು ಅರಸನಿಗೆ ವಿರುದ್ಧವಾದೆ ಎಂದು ಅಣ್ಣನನ್ನು ಪತ್ರದಲ್ಲಿ ಕಟುವಾಗಿ ಆಕ್ಷೇಪಿಸಿದನು. ಆದರೆ ಅಣ್ಣನೆಂಬ ಪ್ರೀತಿಯನ್ನು ಬಿಡಲಿಲ್ಲ. 1649ರಲ್ಲಿ ಐರ್ಲೆಂಡಿನಲ್ಲಿ ಹತನಾಗುವ ತನಕ ಅವರ ಸಂಬಂಧ ಹರಿಯಲಿಲ್ಲ.

ಇದನ್ನು ಹೇಳುತ್ತಿದ್ದಂತೆ ನನ್ನ ನಾಲಗೆ ತಡವರಿಸಿತು. ನನ್ನ ಸ್ವಂತ ತಮ್ಮ ಮಕ್ಕಳ ಉದ್ಯೋಗದ ಚಿಂತೆಯಿಂದ ಅವರನ್ನು ಕನ್ನಡ ಶಾಲೆ ಬಿಡಿಸಿ ಮಲಯಾಳಂ ಮಾಧ್ಯಮಕ್ಕೆ ಸೇರಿಸಿದ್ದನು. ಗಡಿನಾಡಿನ ಕನ್ನಡ ಅಧ್ಯಾಪಕನ ಮನೆಯಲ್ಲಿಯೇ ಹೀಗಾಯಿತಲ್ಲ ಎಂಬ ಅವಮಾನದಿಂದ ನಾನು ಅವನೊಡನೆ ಮಾತು ಬಿಟ್ಟು ಆರು ವರ್ಷ ಕಳೆದಿತ್ತು. ತಂದೆಯವರ ಶ್ರಾದ್ಧಕ್ಕೂ ನಾವು ಬೇರೆ ಬೇರೆ ಪಂಕ್ತಿಯಲ್ಲಿ ಕುಳಿತಿದ್ದೆವು.

ಆ ರಾತ್ರಿ ಅವನಿಗೊಂದು ಕಾಗದ ಬರೆದೆ. ಉತ್ತರ ಬರಲಿಲ್ಲ, ಮುಂದಿನ ಭಾನುವಾರ ಅವನೇ ಬಂದನು. ಮಾಧ್ಯಮದ ವಿಷಯದಲ್ಲಿ ನಮ್ಮ ಅಭಿಪ್ರಾಯ ಇಂದಿಗೂ ಒಂದಾಗಿಲ್ಲ. ನಮ್ಮ ಮಕ್ಕಳು ನಮ್ಮ ನುಡಿಯಲ್ಲಿಯೇ ಕಲಿಯಬೇಕೆಂದು ನಾನು ಈಗಲೂ ಹೇಳುತ್ತೇನೆ, ಅವನು ಈಗಲೂ ಚರ್ಚಿಸುತ್ತಾನೆ. ಚರ್ಚೆ ಮುಗಿದ ಮೇಲೆ ಒಟ್ಟಿಗೆ ಉಣ್ಣುತ್ತೇವೆ.

ವರ್ನಿ ಮನೆತನದ 30,000ಕ್ಕೂ ಹೆಚ್ಚು ಪತ್ರಗಳು ಉಳಿದುಬಂದಿವೆ. ರಾಲ್ಫ್ ಕಾಗದವನ್ನು ಎಸೆಯುವವನಲ್ಲ. ಆ ಮನೆಗೆ ಸೊಸೆಯಾಗಿ ಬಂದ, ಫ್ಲಾರೆನ್ಸ್ ನೈಟಿಂಗೇಲಳ ಅಕ್ಕ ಅವುಗಳ ಆಧಾರದಿಂದ ಬರೆದ ಚರಿತ್ರೆ 1892ರಲ್ಲಿ ಅಚ್ಚಾಯಿತು.

ನನ್ನ ಪ್ರೀತಿಯ ವಿದ್ಯಾರ್ಥಿಗಳೇ, ಈ ಶಾಲೆಯ ಮುಂದಿನ ದಾರಿಯ ಕುರಿತು ನಿಮ್ಮಲ್ಲಿ ಭಿನ್ನಾಭಿಪ್ರಾಯಗಳು ಇದ್ದೇ ಇರುತ್ತವೆ. ನಂಬದ ಮಾತಿಗೆ ಸಹಿ ಹಾಕಬೇಡಿರಿ. ಆದರೆ ಒಬ್ಬರಿಗೊಬ್ಬರು ಕಾಗದ ಬರೆಯುವುದನ್ನು ನಿಲ್ಲಿಸಬೇಡಿರಿ. ನಾನು ಕಳೆದುಕೊಂಡ ಆರು ವರ್ಷಗಳು ನಿಮಗೆ ಪಾಠವಾಗಲಿ. ಎಲ್ಲರಿಗೂ ಶುಭವಾಗಲಿ.