ಹೊಣೆ ಹೊತ್ತ ನಾಯಕಿ

ಎಂ. ವಿ. ರಾಜಮ್ಮನವರ ಹೆಸರೆತ್ತಿದೊಡನೆ ಹಳೆಯ ಚಿತ್ರಗಳ ಅಭಿಮಾನಿಗಳ ಕಣ್ಣೆದುರು ನಿಲ್ಲುವುದು ತಾಯಿಯೊಬ್ಬಳ ಮುಖ. ಕೃಷ್ಣರಾಜನಗರ, ಹುಣಸೂರುಗಳ ಪ್ರೇಕ್ಷಕರಾಗಲಿ, ಮದರಾಸಿನ ಪ್ರೇಕ್ಷಕರಾಗಲಿ ಅವರನ್ನು ನೆನೆಯುವುದು ಹೀಗೆಯೇ. ಆ ತಾಳ್ಮೆಯ ಮುಖದ ಹಿಂದೆ ಒಂದು ದೊಡ್ಡ ಸಾಹಸವಿತ್ತೆಂಬುದನ್ನು ಬಲ್ಲವರು ವಿರಳ.

ನಾಟಕ ಕಂಪನಿಗಳಲ್ಲಿ ಸ್ತ್ರೀಪಾತ್ರಗಳನ್ನು ಗಂಡಸರೇ ವಹಿಸುವ ಪದ್ಧತಿ ಇನ್ನೂ ಪೂರ್ತಿ ಅಳಿದಿರದ ದಿನಗಳವು. ರಂಗಕ್ಕೆ ಬಂದ ಹೆಣ್ಣಿಗೆ ಚಪ್ಪಾಳೆ ದೊರೆತಷ್ಟು ಸುಲಭವಾಗಿ ಗೌರವ ದೊರೆಯುತ್ತಿರಲಿಲ್ಲ. ಅಂತಹ ಕಾಲದಲ್ಲಿ ರಾಜಮ್ಮನವರು ಚಂದ್ರಕಲಾ ನಾಟಕ ಮಂಡಳಿಯ ಮೂಲಕ ಬೆಳಕಿಗೆ ಬಂದರು. ಆ ಮಂಡಳಿಯ ನಾಟಕವನ್ನೇ ಎಚ್. ಎಲ್. ಎನ್. ಸಿಂಹ ಅವರು 1936ರಲ್ಲಿ ‘ಸಂಸಾರ ನೌಕೆ’ ಎಂಬ ವಾಕ್ಚಿತ್ರವನ್ನಾಗಿಸಿದಾಗ, ಬಿ. ಆರ್. ಪಂತುಲು ನಾಯಕರಾದರು, ರಾಜಮ್ಮ ನಾಯಕಿಯಾದರು. ಪುರಾಣವನ್ನು ಬಿಟ್ಟು ನಮ್ಮ ನಿಮ್ಮ ಮನೆಯ ಕಥೆಯನ್ನು ಹೇಳಿದ ಮೊದಲ ಕನ್ನಡ ಚಿತ್ರವೆಂದು ಅದಕ್ಕೆ ಹೆಸರು. ಬಳಿಕ ತಮಿಳು ಚಿತ್ರರಂಗವೂ ಅವರನ್ನು ಕರೆಯಿತು. 1940ರ ‘ಉತ್ತಮ ಪುತ್ರನ್’ ಚಿತ್ರದಲ್ಲಿ ಅವರು ಪಿ. ಯು. ಚಿನ್ನಪ್ಪನವರಿಗೆ ನಾಯಕಿ.

ಕೀರ್ತಿ, ಸಂಪಾದನೆಗಳೆರಡೂ ಕೈಗೂಡಿದ್ದ ನಟಿ ಅಷ್ಟಕ್ಕೇ ತೃಪ್ತಳಾಗಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ 1943ರಲ್ಲಿ ಅವರು ‘ರಾಧಾ ರಮಣ’ ಚಿತ್ರದ ನಿರ್ಮಾಣಕ್ಕೇ ಕೈಹಾಕಿದರು. ಮಹಾಯುದ್ಧದ ದೆಸೆಯಿಂದ ಕಚ್ಚಾ ಫಿಲ್ಮಿಗೆ ಅಭಾವ. ಕನ್ನಡ ಚಿತ್ರಗಳಿಗೆ ಮಾರುಕಟ್ಟೆಯೋ ಬಲು ಕಿರಿದು. ಅಮೆರಿಕದಲ್ಲಿ ಮೇರಿ ಪಿಕ್‌ಫರ್ಡ್ 1919ರಲ್ಲೇ ಚಿತ್ರಸಂಸ್ಥೆಯೊಂದರ ಪಾಲುದಾರಳಾಗಿದ್ದರೂ, ಕನ್ನಡದಲ್ಲಿ ಅಂತಹ ಹೊಣೆಯನ್ನು ಹೊತ್ತ ಹೆಣ್ಣು ಅದುವರೆಗೆ ಇರಲಿಲ್ಲ. ಕನ್ನಡದ ಪ್ರಥಮ ನಿರ್ಮಾಪಕಿ ಎಂಬ ಗೌರವ ರಾಜಮ್ಮನವರದಾಯಿತು.

ಆ ಚಿತ್ರದಿಂದ ಲಾಭವಾದದ್ದು ಇಡೀ ಚಿತ್ರರಂಗಕ್ಕೆ. ಅರಸೀಕೆರೆಯ ಬಾಲಕೃಷ್ಣ, ನಂಜನಗೂಡಿನ ಜಿ. ವಿ. ಅಯ್ಯರ್ ಇಬ್ಬರೂ ತೆರೆಗೆ ಬಂದದ್ದು ಅದರಿಂದಲೇ. ಕಿವಿ ಮಂದವಾಗಿದ್ದ ಬಾಲಕೃಷ್ಣ ಮುಂದೆ ನಾಡನ್ನೆಲ್ಲ ನಗಿಸಿದರು. ಅಯ್ಯರ್ 1983ರಲ್ಲಿ ಸಂಸ್ಕೃತದ ಮೊದಲ ಚಲನಚಿತ್ರ ‘ಆದಿ ಶಂಕರಾಚಾರ್ಯ’ವನ್ನು ನಿರ್ದೇಶಿಸಿದರು.

ರಾಜಮ್ಮನವರಿಗೆ ಮಾತ್ರ ಕಾಲ ಬೇರೆ ಪಾತ್ರವನ್ನು ಕಾದಿರಿಸಿತ್ತು. 1958ರ ‘ಸ್ಕೂಲ್ ಮಾಸ್ಟರ್’ ಚಿತ್ರದಲ್ಲಿ ಅವರು ಪಂತುಲು ಅವರ ಮಡದಿ. ಹೆತ್ತ ಮಕ್ಕಳಿಂದಲೇ ನೋವುಂಡ ವೃದ್ಧೆ. ಆಗ ಅವರಿಗೆ ನಲವತ್ತೂ ತುಂಬಿರಲಿಲ್ಲ! 1964ರ ‘ಕರ್ಣನ್’ ಚಿತ್ರದಲ್ಲಿ ಕುಂತಿಯಾದಾಗ, ಮಗನಾಗಿ ನಟಿಸಿದ ಶಿವಾಜಿ ಗಣೇಶನ್ ಅವರಿಗಿಂತ ಹತ್ತು ವರ್ಷವೂ ಹಿರಿಯರಲ್ಲ. ನಾಯಕರಿಗೆ ವಯಸ್ಸಾದರೂ ಅವರು ನಾಯಕರೇ. ನಾಯಕಿಯಾದರೋ ಬೇಗನೆ ತಾಯಿ. ಈ ಕಟ್ಟಳೆಯ ಒಳಗಿದ್ದುಕೊಂಡೇ ಅವರು ಅಭಿನಯದ ಘನತೆಯನ್ನು ಕಾಪಾಡಿಕೊಂಡರು.

1999ರಲ್ಲಿ ಅವರು ತೀರಿಕೊಂಡರು. ತೆರೆಯ ತಾಯಿಯಾಗಿ ಅವರನ್ನು ಪ್ರೀತಿಸಿದ್ದು ತಪ್ಪಲ್ಲ. ಆದರೆ ಇಪ್ಪತ್ತರ ಆಸುಪಾಸಿನಲ್ಲಿ, ಯುದ್ಧದ ನಡುವೆ, ಕನ್ನಡಕ್ಕಾಗಿ ಒಂದು ಚಿತ್ರದ ಭಾರವನ್ನು ಹೊತ್ತ ತರುಣಿಯನ್ನೂ ನಮ್ಮ ಮನೆಗಳ ಹೆಣ್ಣುಮಕ್ಕಳು ಅರಿತಿರಬೇಕು.